ಹೆದರಿಕೆಗೆ ಕಂಬಳಿಯುಂಟೆ?

1951ರ ತೋಟ ಕಾರ್ಮಿಕರ ಕಾಯಿದೆಯ 17ನೆಯ ಕಲಮು ಬಲು ಸೊಗಸಾದುದು. ಮಳೆಚಳಿಗಳಿಂದ ಕೆಲಸಗಾರರನ್ನು ಕಾಪಾಡಲು ಕೊಡೆ, ಕಂಬಳಿ, ಮಳೆಯಂಗಿಗಳನ್ನು ತೋಟದ ಒಡೆಯರಿಂದ ಕೊಡಿಸುವಂತೆ ರಾಜ್ಯ ಸರ್ಕಾರವು ನಿಯಮ ಮಾಡಬಹುದೆಂದು ಅದು ಹೇಳಿತ್ತು. ಆ ಕಾಯಿದೆ ಈಗ 2020ರ ಸಂಹಿತೆಯಲ್ಲಿ ಲೀನವಾಗಿದೆ, ಆಗಲಿ. ಮೈ ನಡುಗುವುದನ್ನು ಕಂಡ ಕಾನೂನಿಗೆ ಮನಸ್ಸು ನಡುಗುವುದು ಏಕೆ ಕಾಣಲಿಲ್ಲವೆಂಬುದು ನನ್ನ ಪ್ರಶ್ನೆ.

2021ರಲ್ಲಿ ಗೂಡಲೂರು, ಮಸಿನಗುಡಿಗಳ ಸುತ್ತ ಟಿ-23 ಎಂಬ ಹುಲಿಯ ಭಯ ಹಬ್ಬಿದ್ದುದು ವಾಚಕರಿಗೆ ನೆನಪಿರಬಹುದು. ನಾಲ್ವರ ಸಾವಿಗೆ ಅದೇ ಕಾರಣವೆಂಬ ಶಂಕೆಯಿತ್ತು. ಅಕ್ಟೋಬರು 15ರಂದು ಅದನ್ನು ಮಸಿನಗುಡಿಯ ಬಳಿ ಮದ್ದು ಚುಚ್ಚಿ ಸೆರೆಹಿಡಿದು ಮೈಸೂರಿಗೆ ಒಯ್ದರು. ಗಾಯಗೊಂಡಿದ್ದ ಹುಲಿಗೆ ಚಿಕಿತ್ಸೆಯಾಯಿತು. ಒಳ್ಳೆಯದೇ. ಆದರೆ ಅಷ್ಟು ದಿನ ಗಿಡಗಳ ನಡುವೆ ಬಗ್ಗಿ ಚಿಗುರು ಕೊಯ್ದವರ ಮನಸ್ಸಿಗೆ ಏನಾಯಿತೆಂದು ವಿಚಾರಿಸಿದವರೆಷ್ಟು ಮಂದಿ? 2024ರ ಜನವರಿಯಲ್ಲಿ ಪಂದಲೂರಿನ ಬಳಿಯ ಟೀ ತೋಟದಲ್ಲಿ, ಜಾರ್ಖಂಡದಿಂದ ದುಡಿಯಲು ಬಂದಿದ್ದ ಕುಟುಂಬದ ಮೂರು ವರ್ಷದ ಹಸುಳೆಯನ್ನು ಚಿರತೆ ಕೊಂದಿತು. ಮಾರನೆಯ ದಿನ ಚಿರತೆ ಸಿಕ್ಕಿತು. ಅಲ್ಲಿಗೆ ವಿಷಯ ಮುಗಿಯಿತೆಂದು ಎಣಿಸಿದವರು ತೋಟದಲ್ಲಿ ಕೆಲಸ ಮಾಡುವವರಲ್ಲ.

"ನಮ್ಮ ಅಜ್ಜಂದಿರು ಹುಲಿ ಆನೆಗಳ ನಡುವೆಯೇ ಬಾಳಲಿಲ್ಲವೆ? ಈಗಿನವರಿಗೆ ಎದೆಗಾರಿಕೆ ಸಾಲದು" ಎಂದು ಕೆಲವು ಹಿರಿಯರು ಹೇಳುತ್ತಾರೆ. ಇದನ್ನು ನಾನು ಒಪ್ಪಲಾರೆ. ಅಜ್ಜನು ದಾರಿಯಲ್ಲಿ ಹಸಿ ಲದ್ದಿಯನ್ನು ಕಂಡರೆ ಹಿಂದಿರುಗುತ್ತಿದ್ದನು. ಅಂದಿನ ಕೆಲಸ ನಾಳೆಗೆ ನಿಲ್ಲುತ್ತಿತ್ತು, ಅಷ್ಟೆ. ತೋಟದ ಹೆಣ್ಣುಮಗಳು ಹಿಂದಿರುಗಿದರೆ ಅಂದಿನ ಕೂಲಿ ಹೋಯಿತು. ಹೊತ್ತಿಗೆ ಸರಿಯಾಗಿ ಮೇಸ್ತ್ರಿಯ ಮುಂದೆ ನಿಲ್ಲಬೇಕು. ಸಂಜೆ ತಕ್ಕಡಿಯಲ್ಲಿ ಚಿಗುರು ತೂಗಬೇಕು. ಕೈ ನಿಂತರೆ ತೂಕವಿಲ್ಲ, ಬಗ್ಗಿದ ಕಣ್ಣಿಗೆ ಬೆನ್ನ ಹಿಂದಿನ ಗಿಡ ಕಾಣದು. ಭಯ ಅಜ್ಜನಿಗೂ ಇತ್ತು, ಇವಳಿಗೂ ಇದೆ. ಹಿಂದಿರುಗುವ ಸ್ವಾತಂತ್ರ್ಯ ಇವಳಿಗಿಲ್ಲ. ಮನಸ್ಸನ್ನು ಕೊರೆಯುವುದು ಅದೇ.

ಇನ್ನು ಕೆಲವರು ಉಪನ್ಯಾಸ ಏರ್ಪಡಿಸಿ, ಉಸಿರು ಎಳೆದು ಬಿಡುವುದನ್ನು ಕಲಿಸಿ ಹೋಗುತ್ತಾರೆ. (ಉಪನ್ಯಾಸ ಮುಗಿಯುವಾಗ ಕತ್ತಲಾದರೆ ಅವರಿಗೆ ಜೀಪು ಕಾದಿರುತ್ತದೆ.) ಉಸಿರಾಟವನ್ನು ನಾನು ಹಳಿಯುವುದಿಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಕೆಲಸ ಮತ್ತು ಮಾನಸಿಕ ಆರೋಗ್ಯದ ಕುರಿತು ಹೊರಡಿಸಿದ ಮಾರ್ಗಸೂಚಿಯೂ ಕೆಲಸಗಾರನನ್ನು ಮಾತ್ರ ತಿದ್ದಿರೆಂದು ಹೇಳಲಿಲ್ಲ. ಕೆಲಸದ ಏರ್ಪಾಡನ್ನೇ ತಿದ್ದಿರಿ, ಅದರಲ್ಲಿ ದುಡಿಯುವವರನ್ನೂ ಸೇರಿಸಿಕೊಳ್ಳಿರೆಂದು ಸೂಚಿಸಿತು.

ಉಪಾಧ್ಯಾಯ ಬಂಧುಗಳೆ, ನಮ್ಮ ಕೈಯೂ ಶುದ್ಧವಲ್ಲ. ರಾತ್ರಿ ಲೈನು ಮನೆಯ ಗೋಡೆಗೆ ಆನೆ ಮೈಯುಜ್ಜಿದರೆ ತಾಯಿಗೂ ನಿದ್ದೆಯಿಲ್ಲ, ಮಗುವಿಗೂ ಇಲ್ಲ. ಬೆಳಗ್ಗೆ ಅವಳು ತೂಕಡಿಸುತ್ತ ಕೊಯ್ಯುತ್ತಾಳೆ, ಮಗು ನಮ್ಮೆದುರು ತೂಕಡಿಸುತ್ತದೆ. ನಾವು "ಪಾಠದಲ್ಲಿ ಗಮನವಿಲ್ಲ" ಎಂದು ಗದರಿಸುತ್ತೇವೆ. ನಾನೂ ಗದರಿಸಿದ್ದೇನೆ. ಮೇಸ್ತ್ರಿಗೂ ನನಗೂ ಆ ಹೊತ್ತು ಏನು ಭೇದವಿತ್ತು?

ಕೇಳಬೇಕಾದುದು ದೊಡ್ಡದೇನಲ್ಲ. ಕಾಲುದಾರಿಯ ಅಂಚಿನ ಪೊದೆಗಳನ್ನು ಸವರಿಸಲಿ. ದೀಪ ಹಾಕಿಸಲಿ. ಯಾರನ್ನೂ ಒಬ್ಬಂಟಿಯಾಗಿ ಕಳಿಸದಿರಲಿ. ಮೃಗ ಸುಳಿದ ಸುದ್ದಿ ಬಂದ ದಿನ ಬಿಸಿಲೇರಿದ ಮೇಲೆ ಕೆಲಸ ತೊಡಗಲಿ, ತೂಕ ಕಡಿಮೆಯಾಯಿತೆಂದು ಕೂಲಿ ಮುರಿಯದಿರಲಿ. ಇವಕ್ಕೆ ತಗಲುವ ವೆಚ್ಚದ ಲೆಕ್ಕವನ್ನು ಒಡೆಯರು ಖಂಡಿತ ಹಾಕುತ್ತಾರೆ. ಹಾಕಲಿ, ಆದರೆ ಲೆಕ್ಕ ಹಾಕುವವರು ಒಂದು ವಾರ ಬೆಳಗಿನ ಆರು ಗಂಟೆಗೆ ಆ ದಾರಿಯಲ್ಲಿ ನಡೆದು ಬಂದವರಾಗಿರಲಿ.