ಗೃಹಿಣಿಯ ಪುಟ: ಇಸ್ತ್ರಿಯ ಕೆಲಸವು ಹಗುರಾಗುವ ಬಗೆ



ಅಡಿಗೆ, ಕಸಮುಸುರೆ, ನೀರು ತುಂಬುವುದು, ಮಕ್ಕಳ ಪಾಠ ಇವೆಲ್ಲವೂ ಮುಗಿದು, ಇನ್ನು ಗಳಿಗೆ ಹೊತ್ತು ಬೆನ್ನು ಚಾಚೋಣವೆನ್ನುವಷ್ಟರಲ್ಲಿ, ಮೂಲೆಯಲ್ಲಿ ಒಣಗಿ ಮುದ್ದೆಯಾಗಿ ಬಿದ್ದಿರುವ ಅರಿವೆಗಳ ರಾಶಿಯು ಕಣ್ಣಿಗೆ ಬಿದ್ದು ಎದೆ ಧಸಕ್ಕೆನ್ನುವುದು ನಮ್ಮಲ್ಲಿ ಅನೇಕರ ಅನುಭವ. ಅರಿವೆ ಒಗೆಯುವುದಕ್ಕೆ ಯಂತ್ರವು ಬಂದಿತು. ಮಸಾಲೆ ಅರೆಯುವುದಕ್ಕೆ ಯಂತ್ರವು ಬಂದಿತು. ಇಸ್ತ್ರಿಯೊಂದು ಮಾತ್ರ ನಮ್ಮ ಮನೆಗಳಲ್ಲಿ ಇಂದಿಗೂ ಕೈಕಾಲಿನ ಬಲದಿಂದಲೇ ನಡೆಯತಕ್ಕ ಕೆಲಸವಾಗಿ ಉಳಿದಿದೆ. ಅದರಲ್ಲಿಯೂ ನಮ್ಮ ರಾಯಚೂರಿನಲ್ಲಿ, ಏಪ್ರಿಲ್ ಮೇ ತಿಂಗಳುಗಳಲ್ಲಿ ಹೊರಗಿನ ತಾಪವೇ 40 ಡಿಗ್ರಿಯನ್ನು ದಾಟಿರುವಾಗ, ಕಾದ ಪೆಟ್ಟಿಗೆಯ ಮುಂದೆ ಒಂದು ಗಂಟೆ ನಿಲ್ಲುವುದೆಂದರೆ ಸಾಮಾನ್ಯ ತಪಸ್ಸಲ್ಲ.

ಈ ಕೆಲಸವನ್ನು ಅರ್ಧ ಹೊತ್ತಿನಲ್ಲಿ ಮುಗಿಸುವ ಉಪಾಯವುಂಟೆ ಎಂದು ಪರಿಚಿತರಾದ ಗೃಹಿಣಿಯರು ಆಗಾಗ ಕೇಳುವುದುಂಟು. ಉಪಾಯವಿದೆ, ಅದಕ್ಕೆ ಹೊಸ ಸಾಮಾನನ್ನೇನೂ ಕೊಳ್ಳಬೇಕಾದುದಿಲ್ಲ. ಇಸ್ತ್ರಿಯ ಅರ್ಧ ಕೆಲಸವನ್ನು ಅರಿವೆ ಒಣಗಿಸುವ ಹಗ್ಗದ ಮೇಲೆಯೇ ಮುಗಿಸಿಬಿಡಬೇಕು. ಈ ಮಾತನ್ನು ನಾನು ತಡವಾಗಿ ಕಲಿತೆನು. ಕಲಿತ ಮೇಲೆ ನಮ್ಮ ಮನೆಯಲ್ಲಿ ವಾರಕ್ಕೆ ಎರಡು ಗಂಟೆ ಹಿಡಿಯುತ್ತಿದ್ದ ಕೆಲಸವು ಒಂದು ಗಂಟೆಗೆ ಇಳಿದಿದೆ.

ಸುಕ್ಕು ಬೀಳುವುದೇಕೆ?

ರಾಯಚೂರು ಹತ್ತಿಯ ಪೇಟೆ. ಆದರೂ ಆ ಹತ್ತಿಯ ಸ್ವಭಾವವನ್ನು ನಾವು ವಿಚಾರಿಸುವುದು ಕಡಿಮೆ. ಹತ್ತಿಯ ಎಳೆಯು ಸೆಲ್ಯುಲೋಸ್ ಎಂಬ ಪದಾರ್ಥದಿಂದಾದುದು. ಅದರ ಅಣುಗಳ ಸರಪಳಿಗಳು ಒಂದನ್ನೊಂದು ಸಡಿಲವಾದ ಬಂಧಗಳಿಂದ ಹಿಡಿದುಕೊಂಡಿರುತ್ತವೆ. ನೀರು ತಾಗಿದಾಗ ಆ ಹಿಡಿತವು ಬಿಟ್ಟುಹೋಗುವುದು. ನೀರು ಆರಿದಾಗ ಅರಿವೆಯು ಯಾವ ಭಂಗಿಯಲ್ಲಿದ್ದಿತೋ ಅದೇ ಭಂಗಿಯಲ್ಲಿ ಮತ್ತೆ ಹಿಡಿತವು ಕೂಡುವುದು. ಮಳೆಗಾಲದಲ್ಲಿ ಎರೆಹೊಲದಲ್ಲಿ ಮೂಡಿದ ಎತ್ತಿನ ಹೆಜ್ಜೆಯು ಬಿಸಿಲು ಬಿದ್ದ ಮೇಲೆ ಕಲ್ಲಿನಂತೆ ನಿಲ್ಲುವುದನ್ನು ದೇವದುರ್ಗ ಮಾನ್ವಿಗಳ ಕಡೆಯವರಿಗೆ ಹೇಳಬೇಕಾದುದಿಲ್ಲ. ಹಸಿಯಿದ್ದಾಗ ಕೈಯಿಂದ ಸವರಿದರೆ ಹೋಗುವ ಗುರುತು, ಒಣಗಿದ ಮೇಲೆ ಗುದ್ದಲಿಯನ್ನು ಬೇಡುವುದು. ಅರಿವೆಯ ಸುಕ್ಕೂ ಹಾಗೆಯೇ.

ಆದುದರಿಂದ ಇಸ್ತ್ರಿಗೆ ಬೇಕಾದುವು ಮೂರು: ತೇವ, ಶಾಖ, ಒತ್ತು. ಇವುಗಳಲ್ಲಿ ತೇವವಿದ್ದರೆ ಉಳಿದೆರಡು ಸ್ವಲ್ಪವೇ ಸಾಕು. ನಮ್ಮ ಸೀಮೆಯ ಬಿಸಿಲಾದರೋ ಅರಿವೆಯನ್ನು ನೋಡನೋಡುತ್ತಲೇ ಹಪ್ಪಳದಂತೆ ಒಣಗಿಸುವುದು. ಅಂತಹ ಅರಿವೆಯನ್ನು ಒತ್ತಿ ಒತ್ತಿ ತೋಳು ನೋಯಿಸಿಕೊಳ್ಳುವುದೇ ನಮ್ಮ ಶ್ರಮದ ಮುಖ್ಯ ಕಾರಣ.

ಹಗ್ಗದ ಮೇಲಿನ ಕೆಲಸ

ಒಗೆದ ಅರಿವೆಯನ್ನು ಹಗ್ಗದಂತೆ ತಿರುಚಿ ಹಿಂಡಬಾರದು. ಮಡಿಸಿ ಅದುಮಿ ನೀರನ್ನು ತೆಗೆಯಬೇಕು. ಹಾಕುವುದಕ್ಕೆ ಮುಂಚೆ ಒಂದೊಂದನ್ನೂ ಎರಡು ಕೈಗಳಿಂದ ಹಿಡಿದು ಮೂರು ಸಲ ಬಲವಾಗಿ ಝಾಡಿಸಬೇಕು. ಅಂಗಿಯ ಕೊರಳಪಟ್ಟಿ, ಗುಂಡಿಯ ಪಟ್ಟಿ, ತೋಳಿನ ಅಂಚು ಇವುಗಳನ್ನು ಬೆರಳಿನಿಂದ ಎಳೆದು ನೇರ ಮಾಡಬೇಕು. ಅಂಗಿಯನ್ನು ಹ್ಯಾಂಗರಿಗೆ ಹಾಕುವುದು ಉತ್ತಮ. ಅದಿಲ್ಲದಿದ್ದರೆ ಕೆಳ ಅಂಚಿನಿಂದ ತೂಗುಹಾಕಬೇಕು. ಪಾಯಿಜಾಮ, ಪ್ಯಾಂಟುಗಳನ್ನು ಹೊಲಿಗೆಗೆ ಹೊಲಿಗೆ ಕೂಡಿಸಿ ತೂಗಹಾಕಿದರೆ ಅವುಗಳ ಭಾರವೇ ಸುಕ್ಕನ್ನು ಇಳಿಸುವುದು. ಸೀರೆಯನ್ನು ಇಬ್ಬರು ಎದುರುಬದುರಾಗಿ ನಿಂತು ಅಂಚು ಹಿಡಿದು ಜಗ್ಗಿ, ನೆರಳಿನಲ್ಲಿ ಹರವಬೇಕು.

ಇನ್ನು ಮುಖ್ಯವಾದ ಮಾತು. ಅರಿವೆಯು ಪೂರ್ತಿ ಒಣಗುವುದಕ್ಕೆ ಮುಂಚೆ, ಮುಟ್ಟಿದರೆ ತಂಪು ತಗಲುವಷ್ಟು ತೇವವಿರುವಾಗಲೇ ಅದನ್ನು ತೆಗೆದುಬಿಡಬೇಕು. ಬೇಸಗೆಯಲ್ಲಿ ಈ ಹದವು ಬಹು ಬೇಗನೆ ಬರುವುದಾದ ಕಾರಣ ಗಳಿಗೆಗೊಮ್ಮೆ ಹೋಗಿ ಮುಟ್ಟಿ ನೋಡತಕ್ಕದ್ದು. ಹೊತ್ತು ಮೀರಿ ಒಣಗಿದ್ದರೆ ನೀರು ಚಿಮುಕಿಸಿ, ಸುರುಳಿ ಸುತ್ತಿ, ಒಂದು ಟವೆಲಿನಲ್ಲಿ ಕಟ್ಟಿ ಅರ್ಧ ಗಂಟೆ ಇಡಬೇಕು. ತೇವವು ಎಲ್ಲ ಕಡೆಗೂ ಸಮನಾಗಿ ಹರಡುವುದು. ಮಳೆಗಾಲದಲ್ಲಿ ಮಾತ್ರ ಇಂತಹ ಸುರುಳಿಯನ್ನು ರಾತ್ರಿಯೆಲ್ಲ ಇಡಬಾರದು. ಮುಗ್ಗಲು ವಾಸನೆ ಹಿಡಿಯುವುದು.

ಉಗಿ ಬಿಡುವ ಇಸ್ತ್ರಿ ಪೆಟ್ಟಿಗೆಯೂ ಮಾಡುವುದು ಇದೇ ತೇವ ಕೊಡುವ ಕೆಲಸವನ್ನು. ಗಡಸು ನೀರಿರುವ ಮನೆಗಳಲ್ಲಿ ಅದಕ್ಕೆ ಕೊಳವೆಬಾವಿಯ ನೀರನ್ನು ಹಾಕಿದರೆ ಸುಣ್ಣದಂತಹ ಬಿಳಿ ಪದರವು ಕಟ್ಟಿ ತೂತುಗಳು ಮುಚ್ಚಿಹೋಗುವುವು. ತೇವದ ಹದವನ್ನು ಬಲ್ಲವಳಿಗೆ ಆ ಪೆಟ್ಟಿಗೆಯಿಲ್ಲದೆಯೂ ನಡೆಯುವುದು.

ಹೊತ್ತು, ಜಾಗ, ಕ್ರಮ

ಇಸ್ತ್ರಿಗೆ ಪ್ರಶಸ್ತವಾದ ಕಾಲವು ಬೆಳಗಿನ ಜಾವ. ಮಧ್ಯಾಹ್ನ ಪಂಖೆಯಿಲ್ಲದೆ ನಿಲ್ಲಲಾರೆವು. ಪಂಖೆ ಹಾಕಿದರೆ ಪೆಟ್ಟಿಗೆಯೂ ತಣ್ಣಗಾಗುವುದು, ಅರಿವೆಯ ತೇವವೂ ಹಾರುವುದು. ಆದುದರಿಂದ ಹಿಂದಿನ ದಿನ ಸಂಜೆ ಸುರುಳಿ ಕಟ್ಟಿ, ಬೇಸಗೆಯಲ್ಲಾದರೆ ರಾತ್ರಿ ಹಾಗೆಯೇ ಇಟ್ಟು, ಆರು ಗಂಟೆಗೆ ಮೊದಲೇ ಕೆಲಸ ಹಿಡಿಯುವುದು ಲೇಸು.

ನೆಲದ ಮೇಲೆ ಕುಳಿತು ಬಾಗಿ ಮಾಡುವುದರಿಂದ ಸೊಂಟ ಹಿಡಿಯುವುದು. ಸೊಂಟದೆತ್ತರದ ಮೇಜಿನ ಮೇಲೆ ಕಂಬಳಿಯನ್ನು ನಾಲ್ಕು ಪದರ ಮಡಿಸಿ ಹಾಕಿ, ಅದರ ಮೇಲೆ ಹಳೆಯ ಬಿಳಿ ಧೋತರವನ್ನು ಬಿಗಿಯಾಗಿ ಕಟ್ಟಿದರೆ ಸಾಕು. ಅಂಗಿಯ ತೋಳು ಎಲ್ಲರನ್ನೂ ಕಾಡತಕ್ಕದ್ದು. ಅಮೆರಿಕದಲ್ಲಿ ಗುಲಾಮಗಿರಿಯಲ್ಲಿ ಹುಟ್ಟಿ, ಮುಂದೆ ಹೊಲಿಗೆಯಿಂದ ಜೀವಿಸಿದ ಸಾರಾ ಬೂನ್ ಎಂಬ ಮಹಿಳೆಯು ತೋಳಿನೊಳಗೆ ತೂರುವಂತಹ ಕಿರಿದಾದ ಬಾಗಿದ ಹಲಗೆಯೊಂದನ್ನು ಕಲ್ಪಿಸಿ 1892ರಲ್ಲಿ ಅದಕ್ಕೆ ಹಕ್ಕುಪತ್ರವನ್ನು ಪಡೆದಳು. ವಿದ್ಯುತ್ತಿನ ಇಸ್ತ್ರಿ ಪೆಟ್ಟಿಗೆಗೆ ಅಲ್ಲಿಯವನೇ ಆದ ಹೆನ್ರಿ ಸೀಲಿ ಎಂಬಾತನು 1882ರಲ್ಲಿಯೇ ಹಕ್ಕುಪತ್ರ ಪಡೆದಿದ್ದನು. ಆದರೆ ತೋಳಿನ ಕಷ್ಟವು ಹೊಲಿಯುವವಳಿಗೇ ಹೊಳೆಯಬೇಕಾಯಿತು. ನಾವು ಹಳೆಯ ಮಾಸಪತ್ರಿಕೆಯೊಂದನ್ನು (ಈ ಸಂಚಿಕೆಯನ್ನಲ್ಲ!) ಸುರುಳಿ ಸುತ್ತಿ, ಟವೆಲು ಹೊದಿಸಿ ತೋಳಿನೊಳಗೆ ತೂರಿಸಿದರೆ ಅದೇ ಪ್ರಯೋಜನ ದೊರೆಯುವುದು.

ಪೆಟ್ಟಿಗೆಯು ಬೇಗ ಕಾಯುವುದು, ನಿಧಾನವಾಗಿ ಆರುವುದು. ಆದುದರಿಂದ ಕಡಿಮೆ ಶಾಖದ ಅರಿವೆಗಳನ್ನು ಮೊದಲು ಮಾಡಬೇಕು. ಅರಿವೆಯ ಚೀಟಿಯ ಮೇಲಿನ ಚುಕ್ಕೆಗಳನ್ನು ನೋಡಿರಿ: ಒಂದು ಚುಕ್ಕೆಯೆಂದರೆ ಹೆಚ್ಚೆಂದರೆ 110 ಡಿಗ್ರಿ, ಎರಡೆಂದರೆ 150, ಮೂರೆಂದರೆ 200. ನೈಲಾನಿಗೆ ಒಂದು, ಪಾಲಿಯೆಸ್ಟರಿಗೂ ಉಣ್ಣೆಗೂ ಸಾಮಾನ್ಯವಾಗಿ ಎರಡು, ಹತ್ತಿಗೆ ಮೂರು. ಇಳಕಲ್ಲ ಸೀರೆಯ ವಿಷಯದಲ್ಲಿ ವಿಶೇಷವಾದ ಎಚ್ಚರ ಬೇಕು. ಅದರ ಮೈ ಹತ್ತಿಯದಾದರೂ ಸೆರಗು ರೇಷ್ಮೆಯದೋ ಕೃತಕ ರೇಷ್ಮೆಯದೋ ಆಗಿರುವುದು. ಸೆರಗನ್ನು ಕಡಿಮೆ ಶಾಖದಲ್ಲಿ, ಒಳಮಗ್ಗುಲಿನಿಂದ, ಮೇಲೊಂದು ತೆಳು ಬಟ್ಟೆ ಹಾಸಿ ಮೊದಲು ಮುಗಿಸಿ, ಆಮೇಲೆ ಮೈಗೆ ಹೋಗಬೇಕು.

ಅಂಗಿಗೆ ಕ್ರಮವಿದು: ಕೊರಳಪಟ್ಟಿಯನ್ನು ತುದಿಗಳಿಂದ ನಡುವಿಗೆ, ಬಳಿಕ ಹೆಗಲು, ತೋಳು, ಮುಂಭಾಗ, ಕೊನೆಗೆ ಬೆನ್ನು. ಚಿಕ್ಕ ಭಾಗಗಳನ್ನು ಮೊದಲು ಮುಗಿಸಿದರೆ ದೊಡ್ಡ ಭಾಗವು ಮತ್ತೆ ಮುದುಡುವುದಿಲ್ಲ. ಮುಗಿದುದನ್ನು ಕೂಡಲೇ ಮಡಿಸಬಾರದು. ಬಿಸಿ ಆರುವವರೆಗೆ ಹರವಿಟ್ಟರೆ ಇಸ್ತ್ರಿ ನಿಲ್ಲುವುದು. ಕೊನೆಯ ಎರಡು ಕರವಸ್ತ್ರಗಳಿಗೆ ಗುಂಡಿ ಆರಿಸಿದ ಮೇಲಿನ ಶಾಖವೇ ಸಾಕು.

ಖರ್ಚಿನ ಮಾತನ್ನೂ ಹೇಳುವೆನು. 1000 ವಾಟಿನ ಪೆಟ್ಟಿಗೆಯು ಒಂದು ಗಂಟೆ ಬಿಡದೆ ಉರಿದರೆ ಒಂದು ಯೂನಿಟು. ನಡುನಡುವೆ ತಾನೇ ಆರುವುದಾದ್ದರಿಂದ ನಿಜವಾದ ಖರ್ಚು ಅದಕ್ಕಿಂತ ಕಡಿಮೆ. 2023ರಲ್ಲಿ ಆರಂಭವಾದ ಗೃಹಜ್ಯೋತಿಯಿಂದ ಅನೇಕ ಮನೆಗಳಿಗೆ ಬಿಲ್ಲಿನ ಚಿಂತೆ ತಗ್ಗಿದೆಯಾದರೂ, ಪ್ರತಿ ಮನೆಗೂ ಹಳೆಯ ಬಳಕೆಯನ್ನು ನೋಡಿ ಮಿತಿಯನ್ನು ಗೊತ್ತುಮಾಡಿರುವ ಕಾರಣ ಹಿಡಿತವು ಬೇಕೇ ಬೇಕು. ಅದಲ್ಲದೆ, ಶಕ್ತಿನಗರದ ಸ್ಥಾವರದಲ್ಲಿ 1985ರಿಂದ ಕಲ್ಲಿದ್ದಲು ಉರಿದು ವಿದ್ಯುತ್ತು ಹುಟ್ಟುತ್ತಿರುವುದನ್ನು ಹತ್ತಿರದಿಂದ ನೋಡುವ ನಾವು, ಇದ್ದಲಿನ ಪೆಟ್ಟಿಗೆ ಹೋಯಿತೆಂದ ಮಾತ್ರಕ್ಕೆ ಇಸ್ತ್ರಿಗೆ ಇದ್ದಲು ಬೇಡವಾಯಿತೆಂದು ತಿಳಿಯಲಾಗದು.

ಮಾನ್ವಿಯಲ್ಲಿ ನಡೆದುದು

ಈ ವಿಚಾರವು ಬರಿಯ ಸೌಕರ್ಯದ್ದಲ್ಲವೆಂಬುದು ನನಗೆ ಮನವರಿಕೆಯಾದುದು ಮಾನ್ವಿಯಲ್ಲಿ. ನನ್ನ ನಾದಿನಿಯನ್ನು ಅಲ್ಲಿಗೆ ಕೊಟ್ಟಿದೆ. ಅವಳಿಗೆ ಮೂವರು ಮಕ್ಕಳು. ಪ್ರತಿದಿನವೂ ಶಾಲೆಯ ಹೊತ್ತಿಗೆ ಸಮವಸ್ತ್ರಗಳನ್ನು ಅವಸರದಿಂದ ನೆಲದ ಮೇಲೆಯೇ ಇಸ್ತ್ರಿ ಮಾಡುವುದು ಅವಳ ರೂಢಿಯಾಗಿತ್ತು. ಒಂದು ಬೆಳಗ್ಗೆ ಒಲೆಯ ಮೇಲೆ ಹಾಲು ಉಕ್ಕಿತೆಂದು ಅವಳು ಎದ್ದುಹೋದಳು. ಎಂಟು ವರ್ಷದ ಹುಡುಗಿಯು ತಾಯಿಗೆ ನೆರವಾಗಬೇಕೆಂದು ಪೆಟ್ಟಿಗೆಯನ್ನು ಎತ್ತಹೋಗಿ ಎಡಗೈಯನ್ನು ಸುಟ್ಟುಕೊಂಡಿತು. ಗಾಬರಿಯಲ್ಲಿ ಮನೆಯವರು ಹಲ್ಲುಜ್ಜುವ ಪೇಸ್ಟನ್ನು ಬಳಿದರು. ವೈದ್ಯರು ಅದನ್ನು ತೊಳೆದು ತೆಗೆಯುವಾಗ ಮಗುವು ಪಟ್ಟ ಪಾಡು ಹೇಳತೀರದು. "ವೈನೀ, ಕೂಸಿನ ತಪ್ಪೇನೈತಿ? ನನ್ನ ಗಡಿಬಿಡಿಗೆ ಅದು ಸುಟ್ಟುಕೊಂತು" ಎಂದು ನಾದಿನಿಯು ಅತ್ತುದು ಇನ್ನೂ ನನ್ನ ಕಿವಿಯಲ್ಲಿದೆ.

ಆದುದರಿಂದ ತಾಯಂದಿರೇ, ಇದನ್ನು ಗಟ್ಟಿಯಾಗಿ ನೆನಪಿನಲ್ಲಿಡಿರಿ. ಸುಟ್ಟ ಕೂಡಲೇ ತಣ್ಣಗಿನ ಶುದ್ಧ ನೀರನ್ನು 20 ನಿಮಿಷ ಬಿಡದೆ ಹರಿಯಿಸಬೇಕು. ಬೇಸಗೆಯಲ್ಲಿ ಮಾಳಿಗೆಯ ಮೇಲಿನ ತೊಟ್ಟಿಯಿಂದ ನಳದಲ್ಲಿ ಬರುವ ನೀರೇ ಕಾದಿರುವುದು. ಆಗ ಕುಡಿಯುವ ಹರವಿಯ ನೀರನ್ನು ತಂಬಿಗೆಯಿಂದ ಸುರಿಯುತ್ತಿರಬೇಕು. ಬಾವು ಬರುವುದಕ್ಕೆ ಮೊದಲೇ ಬಳೆ ಉಂಗುರಗಳನ್ನು ತೆಗೆಯಬೇಕು. ಮಂಜುಗಡ್ಡೆ, ಪೇಸ್ಟು, ಅರಿಸಿನ, ಎಣ್ಣೆ ಯಾವುದೂ ಕೂಡದು, ಬೊಬ್ಬೆಯನ್ನು ಒಡೆಯಕೂಡದು. ಸಡಿಲವಾಗಿ ಶುಚಿಯಾದ ಬಟ್ಟೆ ಹೊದಿಸಿ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಪೆಟ್ಟಿಗೆಯನ್ನು ಬಿಟ್ಟು ಏಳುವಾಗ, ಒಂದು ನಿಮಿಷಕ್ಕಾದರೂ ಸರಿಯೆ, ಪ್ಲಗ್ಗನ್ನು ಕಿತ್ತು ಎತ್ತರದಲ್ಲಿಡಬೇಕು, ತಂತಿಯು ಜೋತುಬಿದ್ದಿರಬಾರದು. ಮೂರು ಕಡ್ಡಿಯ ಪ್ಲಗ್ಗು, ಐಎಸ್‌ಐ ಗುರುತಿನ ಪೆಟ್ಟಿಗೆ, ಒಣಗಿದ ಕೈ ಇವು ತಪ್ಪಕೂಡದು.

ಆ ಮಗುವಿನ ಕೈ ವಾಸಿಯಾಯಿತು, ಕಲೆಯೊಂದು ಉಳಿದಿದೆ. ನಾದಿನಿಯ ಮನೆಯಲ್ಲಿ ಈಗ ಭಾನುವಾರ ಬೆಳಗ್ಗೆ ಒಂದೇ ಸಲಕ್ಕೆ ಮೇಜಿನ ಮೇಲೆ ಇಡೀ ವಾರದ ಸಮವಸ್ತ್ರಗಳ ಇಸ್ತ್ರಿಯಾಗುವುದು. ಹದಿನೈದು ವರ್ಷದ ಹಿರಿಯ ಮಗನು ತನ್ನ ಅಂಗಿಗಳನ್ನು ತಾನೇ ಮಾಡಿಕೊಳ್ಳುತ್ತಾನೆ. ಗಂಡುಮಕ್ಕಳಿಗೆ ಇದನ್ನು ಕಲಿಸುವುದಕ್ಕಿಂತ ಶ್ರಮವನ್ನು ಕಡಿಮೆ ಮಾಡುವ ಉಪಾಯ ಬೇರೊಂದಿಲ್ಲವೆಂದು ಅವಳ ಅಭಿಪ್ರಾಯ, ನನ್ನದೂ ಅದೇ.

ಬೇಡವಾದುದನ್ನು ಬಿಡುವುದು

ದೇವದುರ್ಗದಲ್ಲಿರುವ ನನ್ನ ಸೋದರತ್ತೆಯವರು ಇಸ್ತ್ರಿ ಪೆಟ್ಟಿಗೆಯನ್ನು ಮುಟ್ಟುವುದೇ ಅಪರೂಪ. ಅವರ ಚಿಕ್ಕಂದಿನಲ್ಲಿ ಹಿತ್ತಾಳೆಯ ತಂಬಿಗೆಗೆ ಕೆಂಡ ತುಂಬಿ, ಇಕ್ಕಳದಿಂದ ಹಿಡಿದು, ತಂದೆಯವರ ಅಂಗಿಯ ಮೇಲೆ ಎಳೆಯುತ್ತಿದ್ದರಂತೆ. ಈಗ ಅವರು ಮನೆಯಲ್ಲುಡುವ ಸೀರೆಯನ್ನು ತುಸು ತೇವವಿರುವಾಗಲೇ ಜಗ್ಗಿ ಮಡಿಸಿ, ಆರಿದ ಮೇಲೆ ಹಾಸಿಗೆಯ ಕೆಳಗೆ ಇಡುತ್ತಾರೆ. ಬೆಳಗಾಗುವಷ್ಟರಲ್ಲಿ ಸೀರೆಯು ನೇರವಾಗಿರುವುದು. "ಟವೆಲ್ಲಿಗೆ, ಹೊದಿಕಿಗೆ, ಒಳ ಅರಿವಿಗೆ ಇಸ್ತ್ರಿ ಯಾರಿಗೆ ತೋರ್ಸಾಕವ್ವಾ?" ಎಂದು ಅವರು ಕೇಳುವ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಅವುಗಳನ್ನು ಬಿಟ್ಟುಬಿಟ್ಟರೆ ರಾಶಿಯು ಎಷ್ಟೋ ಇಳಿಯುವುದು.

ಗಂಜಿ ಹಾಕಿದ ಸೀರೆ, ಧೋತರ, ಮದುವೆಯ ಅರಿವೆಗಳನ್ನು ಓಣಿಯ ಇಸ್ತ್ರಿಯವರಿಗೆ ಕೊಡುವುದೇ ಸರಿ. ಅವರ ಭಾರವಾದ ಪೆಟ್ಟಿಗೆಯೂ ಪಳಗಿದ ಕೈಯೂ ಮಾಡುವ ಕೆಲಸವು ನಮ್ಮಿಂದಾಗದು. ನಾವು ಬೆಳಗಿನ ಒಂದು ಗಂಟೆಗೆ ಬೇಸರಪಡುವಾಗ, ಅವರು ತಗಡಿನ ನೆರಳಿನಲ್ಲಿ ಇಡೀ ದಿನವೂ ಕೆಂಡದ ಮುಂದೆ ನಿಲ್ಲುವರೆಂಬುದನ್ನು ನೆನೆದು, ಅರಿವೆಗೊಂದು ರೂಪಾಯಿಗಾಗಿ ಚೌಕಾಸಿ ಮಾಡುವುದನ್ನು ಬಿಡಬೇಕು. ಶರಣರ ಬಟ್ಟೆಗಳನ್ನು ಮಡಿ ಮಾಡುವುದನ್ನೇ ಕಾಯಕವೆಂದು ನಡೆಸಿದ ಮಡಿವಾಳ ಮಾಚಿದೇವರನ್ನು ಪೂಜಿಸುವ ನಾಡಿನವರು ನಾವು. ಬಿರುಬೇಸಗೆಯಲ್ಲಿ ಅರಿವೆಯ ಗಂಟಿನೊಡನೆ ಒಂದು ತಂಬಿಗೆ ತಣ್ಣೀರನ್ನೂ ಕೊಂಡೊಯ್ದರೆ ನಮಗೇನೂ ಕೊರತೆಯಾಗದು.

ಈ ವಾರ ಒಂದು ಅಂಗಿಯಲ್ಲಿಯೇ ಪರೀಕ್ಷಿಸಿರಿ: ಝಾಡಿಸಿ ಹಾಕಿ, ತೇವವಿರುವಾಗ ತೆಗೆದು, ತಂಪು ಹೊತ್ತಿನಲ್ಲಿ ಮಾಡಿ ನೋಡಿರಿ. ಉಳಿದ ಹೊತ್ತಿನಲ್ಲಿ ಬೇರೆ ಕೆಲಸವನ್ನು ಹುಡುಕಬೇಡಿರಿ. ಅದು ನಿಮ್ಮದು, ಕುಳಿತು ಒಂದು ಬಟ್ಟಲು ಚಹಾ ಕುಡಿಯಿರಿ. ಮುಂದಿನ ತಿಂಗಳು ಗಂಜಿಯ ಹದವನ್ನು ಕುರಿತು ಮಾತಾಡೋಣ.