ಮಾಯೆಗೂ ನಿಯಮ ಬೇಕು, ಅದೂ ಕನ್ನಡದಲ್ಲಿ

‘ಆಟ ತಾನೆ, ಅದಕ್ಕೇಕೆ ಇಷ್ಟು ವಾದ?’ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುವ ವಿದ್ಯಾರ್ಥಿಗಳಿಗೆ ಎದುರಾಗುವ ಪ್ರಶ್ನೆಯಿದು. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ಈ ಆಟದಲ್ಲಿ ಒಬ್ಬರು ಕತೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗಿ ಆಡುತ್ತಾರೆ.

ಮುರುಗಮಲ್ಲದ ಕಡೆಯವರಿಗೆ ಇಂಥ ಕತೆ ಹೊಸದಲ್ಲ. ನಮ್ಮ ಚಿಂತಾಮಣಿ ತಾಲ್ಲೂಕಿನ ಕೈವಾರವೇ ಏಕಚಕ್ರಪುರ, ಭೀಮ ಬಕಾಸುರನನ್ನು ಕೊಂದದ್ದು ಅಲ್ಲೇ ಎಂಬ ನಂಬಿಕೆಯಿದೆ. ಆ ಕಾಳಗವನ್ನೇ ಈ ಆಟಕ್ಕೆ ತಂದರೆ, ಭೀಮನ ಪರವಾಗಿ 20 ಮುಖದ ದಾಳ ಉರುಳಿಸಿ ಅವನ ದಾಳಿಗೆ ಸಲ್ಲುವ ಹೆಚ್ಚುವರಿ ಅಂಕ ಕೂಡಿಸಬೇಕು. ಮೊತ್ತ ಬಕಾಸುರನ ರಕ್ಷಣಾ ಅಂಕವನ್ನು ಮುಟ್ಟಿದರೆ ಅಥವಾ ಮೀರಿದರೆ ಪೆಟ್ಟು ಬಿತ್ತು. ಬರೀ ಕೂಡುವ ಲೆಕ್ಕ, ತಕರಾರಿಲ್ಲ.

ತಕರಾರು ಶುರುವಾಗುವುದು ಮಾಯೆಯಲ್ಲಿ. ಬಕಾಸುರ ಗುಹೆಯ ಬಾಗಿಲಿಗೆ ಮಾಯಾಬೆಂಕಿ ಒಡ್ಡಿದ ಎನ್ನಿ. 2014ರ ಐದನೇ ಆವೃತ್ತಿಯ ‘ಸೈಲೆಂಟ್ ಇಮೇಜ್’ ಮಂತ್ರದ ಪ್ರಕಾರ ಅದು ಕಣ್ಣಿಗಷ್ಟೇ ಕಾಣುತ್ತದೆ, ಸದ್ದಿಲ್ಲ, ವಾಸನೆಯಿಲ್ಲ. ಮುಟ್ಟಿದರೆ ಗುಟ್ಟು ಬಯಲು. ಮುಟ್ಟದೆ ತಿಳಿಯಬೇಕಾದರೆ ತನ್ನ ಸರದಿಯನ್ನು ಪರೀಕ್ಷೆಗೇ ಮೀಸಲಿಟ್ಟು ದಾಳ ಹಾಕಬೇಕು. ಆದರೆ ಭೀಮನ ಪಾತ್ರ ಆಡುವವನು, ‘ಇಷ್ಟು ಹತ್ತಿರ ಬಂದರೂ ಬಿಸಿ ತಾಗುತ್ತಿಲ್ಲ, ಆದ್ದರಿಂದ ಇದು ಸುಳ್ಳು’ ಎಂದರೆ? ಆಗಲೂ ದಾಳ ಹಾಕಬೇಕೇ? ತೀರ್ಮಾನ ಕತೆ ನಡೆಸುವವರದು.

ಇಂಥ ಕಡೆ ದೊಡ್ಡ ಗಂಟಲಿನವರು ಗೆಲ್ಲುತ್ತಾರೆ, ಇಲ್ಲವೇ ಇಂಗ್ಲಿಷ್ ಪುಸ್ತಕವನ್ನು ಸರಸರ ಓದಬಲ್ಲವರು. ಕನ್ನಡ ಮಾಧ್ಯಮದಿಂದ ಬಂದವರು ತರ್ಕ ಬಲವಾಗಿದ್ದರೂ ಸುಮ್ಮನಾಗುತ್ತಾರೆ. ಕ್ಯಾಂಪಸ್ ಸಂದರ್ಶನದ ಗುಂಪು ಚರ್ಚೆಯಲ್ಲಿ ಆಗುವುದೇ ಗೆಳೆಯರ ನಡುವಿನ ಆಟದಲ್ಲೂ ಆಗಬೇಕೇ?

ಪರಿಹಾರ ನಮ್ಮ ಜಗಲಿಯಲ್ಲೇ ಇದೆ. ಚೌಕಾಬಾರ ಆಡಲು ಕೂತವರು, ಎದುರಾಳಿಯ ಕಾಯಿ ಹೊಡೆಯದೆ ಒಳಮನೆಗೆ ಹೋಗಬಹುದೇ ಎಂಬುದನ್ನು ಕವಡೆ ಹಾಕುವ ಮೊದಲೇ ಮಾತಾಡಿಕೊಳ್ಳುತ್ತಾರೆ. ಮಾಯೆಯ ನಿಯಮವನ್ನೂ ಹಾಗೆಯೇ ಮೊದಲೇ ಚರ್ಚಿಸಿ, ಕನ್ನಡದಲ್ಲಿ ಒಂದು ಪುಟ ಬರೆದಿಟ್ಟುಕೊಳ್ಳಬೇಕು. ಆಟದ ನಡುವೆ ಹೊಸ ಪ್ರಶ್ನೆ ಎದ್ದರೆ ಕತೆ ನಡೆಸುವವರ ತೀರ್ಪು ಆ ದಿನಕ್ಕೆ ಅಂತಿಮ. ಆಟ ಮುಗಿದ ಮೇಲೆ ಎಲ್ಲರೂ ಚರ್ಚಿಸಿ, ಒಪ್ಪಿದ್ದನ್ನು ಅದೇ ಪುಟಕ್ಕೆ ಸೇರಿಸಲಿ.

ಐದನೇ ಆವೃತ್ತಿಯ ಮೂಲ ನಿಯಮಗಳು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆಯಾಗಿವೆ. ಮೂಲವನ್ನು ಹೆಸರಿಸಿ ಯಾರು ಬೇಕಾದರೂ ಅನುವಾದಿಸಬಹುದು. ಇಡೀ ಪುಸ್ತಕ ಬೇಡ, ಜಗಳ ಹುಟ್ಟಿಸುವ ಮಾಯಾಮಂತ್ರಗಳಿಂದಲೇ ಶುರು ಮಾಡೋಣ.