ತೊಗರಿ ಹೊಲದ ಬದುವಿನಲ್ಲಿ ಮೊದಲ ಬಿಲ್ಲು

ಹೋದ ಶ್ರಾವಣದಾಗ ನನ್ನ ತಮ್ಮ ಬಸವಕಲ್ಯಾಣದ ಹತ್ತಿರದ ನಮ್ಮ ಹಳ್ಳಿಯಿಂದ ಹುಮನಾಬಾದಿಗೆ ಬಂದ. ಜೊತೆಗೆ ಹದಿಮೂರು ವರ್ಷದ ಮಗ. ಹುಡುಗನ ಬಲ ಹೆಗಲಿಗೆ ಅರಿಶಿಣ ಹಚ್ಚಿ ಬಟ್ಟೆ ಕಟ್ಟಿದ್ದರು. ಎಡ ಮುಂಗೈ ಒಳಬದಿಗೆ ಉದ್ದನೆಯ ನೀಲಿ ಬಾಸುಂಡೆ.

"ಅಕ್ಕಾ, ಸೈಕಲ್ ಮ್ಯಾಲಿಂದ ಬಿದ್ದಾನ" ಅಂದ ತಮ್ಮ.

ಶಾಲೆಯಲ್ಲಿ ದೈಹಿಕ ಶಿಕ್ಷಕಿಯಾಗಿ ಇಡೀ ಸರ್ವಿಸ್ ಕಳೆದವಳು ನಾನು. ಸೈಕಲ್ಲಿನ ಗಾಯ ಯಾವುದು, ಬಿಲ್ಲಿನ ಹೆದೆ ಬಡಿದ ಗುರುತು ಯಾವುದು ಅಂತ ಗೊತ್ತಾಗದೆ ಇರ್ತದೇನು? "ಬಿಲ್ಲು ಎಲ್ಲದ?" ಅಂತ ಕೇಳಿದೆ. ಹುಡುಗ ಅಪ್ಪನ ಮುಖ ನೋಡಿದ. ಅಪ್ಪ ನೆಲ ನೋಡಿದ.

ಆಮೇಲೆ ಎಲ್ಲಾ ಹೊರಗೆ ಬಂತು. ನಾಲ್ಕು ಎಕರೆ ತೊಗರಿ. ಸಸಿ ಗೇಣುದ್ದ ಬಂದಾಗ ಚಿಗರಿ ಹಿಂಡು ಇಳಿದು ತುದಿ ಕಡಿದುಕೊಂಡು ಹೋಗಿತ್ತು. ಎರಡನೇ ಸಲ ಬಿತ್ತಿದ, ಅದಕ್ಕೂ ಅದೇ ಗತಿ. ನಮ್ಮ ಬೀದರ್ ಜಿಲ್ಲೆಯ ರೈತರಿಗೆ ಇದು ಹೊಸ ಕಥೆಯಲ್ಲ ಬಿಡ್ರಿ. ಮಗ ಮೊಬೈಲಿನಾಗ ಹೊರದೇಶದವರು ಮರದ ಬಿಲ್ಲಿನಿಂದ ಜಿಂಕೆ ಹೊಡೆಯೋದು ನೋಡಿದ್ದ. ಅಪ್ಪನಿಗೂ ತೋರಿಸಿದ. ಬಂದೂಕಿನ ಸಪ್ಪಳ ಇಲ್ಲ, ಯಾರಿಗೂ ಗೊತ್ತಾಗಂಗಿಲ್ಲ ಅಂತ ಇಬ್ಬರೂ ಲೆಕ್ಕ ಹಾಕಿ 40 ಪೌಂಡಿನ ಬಿಲ್ಲು ತರಿಸಿದ್ದರು.

"ಜಿಂಕಿಗೆ ಅಷ್ಟು ಜೋರು ಬೇಕಂತ ಅತ್ತೀ" ಅಂದ ಹುಡುಗ.

ಅವನ ಮಾತು ತಪ್ಪಲ್ಲ. ಅಮೆರಿಕದ ಹಲವು ರಾಜ್ಯಗಳಲ್ಲಿ ಜಿಂಕೆ ಬೇಟೆಗೆ ಕನಿಷ್ಠ 35, 40 ಪೌಂಡಿನ ಬಿಲ್ಲು ಇರಬೇಕೆಂಬ ನಿಯಮವಿದೆ. ಅಲ್ಲಿ ಲೈಸೆನ್ಸ್ ಇದೆ, ಬೇಟೆಗೆ ಇಂತಿಷ್ಟೇ ದಿನ ಅಂತಲೂ ಇದೆ. ನಮ್ಮಲ್ಲಿ ಹಾಗಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕೃಷ್ಣಮೃಗ, ಅಂದರೆ ನಮ್ಮ ಚಿಗರಿ, ಮೊದಲನೇ ಅನುಸೂಚಿಯ ಪ್ರಾಣಿ. ಕೊಂದರೆ ಕನಿಷ್ಠ 3 ವರ್ಷ, ಹೆಚ್ಚೆಂದರೆ 7 ವರ್ಷ ಜೈಲು. ಜೊತೆಗೆ ಕನಿಷ್ಠ 25,000 ರೂಪಾಯಿ ದಂಡ. ಬಿಲ್ಲಿನಿಂದ ಹೊಡೆದರೂ ಬಂದೂಕಿನಿಂದ ಹೊಡೆದರೂ ಕಾಯ್ದೆಗೆ ಒಂದೇ.

ಇದನ್ನೆಲ್ಲ ಹೇಳಿದೆ. ತಮ್ಮ ಸಿಟ್ಟಿಗೆದ್ದ. "ಕಾಯ್ದೆ ಜಿಂಕಿಗದ, ನನ್ನ ತೊಗರಿಗ್ಯಾರು ಅದಾರ? ನಿಂಗೇನಕ್ಕ, ತಿಂಗಳಾದ್ರ ಪಿಂಚಣಿ ಬರ್ತದ."

ಉತ್ತರ ಹೊಳೀಲಿಲ್ಲ. ಚಹಾ ಮಾಡಿಕೊಂಡು ಬಂದೆ. ಕುಡಿದಾದ ಮೇಲೆ ಎರಡು ಮಾತು ಹೇಳಿದೆ. ಹಾಳಾದ ಹೊಲದ ಫೋಟೊ, ಪಹಣಿ ಹಿಡಿದು ಅರಣ್ಯ ಇಲಾಖೆಗೆ ಬೆಳೆ ಪರಿಹಾರದ ಅರ್ಜಿ ಹಾಕೋಣ, ನಾನೇ ಬರ್ತೀನಿ. ಹುಡುಗನಿಗೆ ಬಿಲ್ಲಿನ ಹುಚ್ಚು ಹತ್ತಿದೆ, ಅದನ್ನು ಕಸಿಯೋದು ಬ್ಯಾಡ. ಅವನಿಗೆ ಸರಿಯಾದ ಬಿಲ್ಲು ನಾನು ಕೊಡಿಸ್ತೀನಿ. ಆ 40 ಪೌಂಡಿನದು ನನ್ನ ಅಟ್ಟದ ಮ್ಯಾಲಿರಲಿ.

ನಮ್ಮ ಮನೆಗಳಲ್ಲಿ ಹೀಗೆ ಕೇಳುವ ಮಕ್ಕಳು ಈಗ ಜಾಸ್ತಿಯಾಗ್ಯಾರ. ಅದಕ್ಕೇ ಮೊದಲ ಬಿಲ್ಲು ಹ್ಯಾಂಗ ಆರಿಸಬೇಕು ಅನ್ನೋದನ್ನು ಇಲ್ಲಿ ಬಿಡಿಸಿ ಹೇಳ್ತೀನಿ.

ಮೊದಲು ಕಣ್ಣು. ಎರಡೂ ಅಂಗೈ ಮುಂದೆ ಚಾಚಿ ನಡುವೆ ಸಣ್ಣ ಕಿಂಡಿ ಮಾಡಿ, ಎರಡೂ ಕಣ್ಣು ತೆರೆದು ಗೋಡೆಯ ಗಡಿಯಾರ ನೋಡ್ರಿ. ಒಂದೊಂದೇ ಕಣ್ಣು ಮುಚ್ಚಿರಿ. ಯಾವ ಕಣ್ಣು ಮುಚ್ಚಿದಾಗ ಗಡಿಯಾರ ಕಿಂಡಿಯಿಂದ ಮಾಯವಾಗ್ತದೋ ಅದು ಜೋರಿನ ಕಣ್ಣು. ಬಲಗಣ್ಣು ಜೋರಿದ್ದರೆ ಬಿಲ್ಲು ಎಡಗೈಯಲ್ಲಿ, ಹೆದೆ ಬಲಗೈಯಲ್ಲಿ.

ಎರಡನೇದು ಎಳೆತದ ಅಳತೆ. ಎರಡೂ ಕೈ ಅಗಲ ಚಾಚಿ, ನಡುಬೆರಳಿನ ತುದಿಯಿಂದ ತುದಿಗೆ ಅಳೆದು 2.5ರಿಂದ ಭಾಗಿಸಬೇಕು. ನಮ್ಮ ಹುಡುಗನದು 60 ಇಂಚು ಬಂತು, ಅಂದರೆ ಎಳೆತ ಸುಮಾರು 24 ಇಂಚು. ಬಾಣ ಅದಕ್ಕಿಂತ ಎರಡು ಇಂಚಾದರೂ ಉದ್ದ ಇರಬೇಕು. ಗಿಡ್ಡ ಬಾಣ ಎಳೆಯುವಾಗ ಬಿಲ್ಲಿನಿಂದ ಒಳಗೆ ಜಾರಿ ಕೈಗೇ ಚುಚ್ಚಬಹುದು.

ಮೂರನೇದು ಬಿಲ್ಲಿನ ಜೋರು. ಎಲ್ಲರೂ ಎಡವೋದು ಇಲ್ಲೇ. ಬಿಲ್ಲಿನ ಮೇಲೆ ಬರೆದಿರುವ ಪೌಂಡು ಸಾಮಾನ್ಯವಾಗಿ 28 ಇಂಚು ಎಳೆದಾಗಿನ ಲೆಕ್ಕ. ಕೈ ಗಿಡ್ಡ ಇದ್ದವರಿಗೆ ಅಷ್ಟು ಭಾರ ಬೀಳುವುದಿಲ್ಲ. ಆದರೂ ಈ ವಯಸ್ಸಿನವರಿಗೆ 10ರಿಂದ 15 ಪೌಂಡು ಸಾಕು, ದೊಡ್ಡವರು ಕಲಿಯಲಿಕ್ಕೆ 20ರಿಂದ 25. ಪರೀಕ್ಷೆ ಸರಳ. ಹೆದೆಯನ್ನು ಗದ್ದದವರೆಗೆ ಎಳೆದು ಹತ್ತು ಎಣಿಸುವಷ್ಟು ಹೊತ್ತು ಹಿಡಿದು, ಮೆಲ್ಲಗೆ ವಾಪಸ್ ಬಿಡಲಿ. ಕೈ ನಡುಗಿದರೆ, ಸೊಂಟ ಹಿಂದೆ ಬಾಗಿದರೆ ಆ ಬಿಲ್ಲು ಅವನದಲ್ಲ. ಜೋರಿನ ಬಿಲ್ಲು ಗುರಿ ಕಲಿಸೋದಿಲ್ಲ, ನೋವಿಗೆ ಹೆದರೋದು ಕಲಿಸ್ತದ.

ನಾಲ್ಕನೇದು ಬಿದಿರು. ಬಸವಕಲ್ಯಾಣದಾಗ ಬಿದಿರಿನ ಮಾತು ಬಂದರೆ ಮೇದಾರ ಕೇತಯ್ಯ ನೆನಪಾಗದೆ ಇರ್ತಾನೇನು? ಬಿದಿರು ಕಡಿದು ಬುಟ್ಟಿ ಹೆಣೆದು ಬದುಕಿದ ಶರಣ. ಬುಟ್ಟಿ ಹೆಣೆಯುವ ನಮ್ಮ ಪರಿಚಯದ ಹಿರಿಯರೊಬ್ಬರು ಹೇಳಿಕೊಟ್ಟರು: ಎಳೆ ಬಿದಿರು ಬಾಗಿದರೆ ಬಾಗಿಯೇ ಉಳೀತದ, ಮೂರು ವರ್ಷ ಬಲಿತದ್ದು ಬೇಕು, ನೆರಳಾಗ ಒಣಗಿರಬೇಕು. ಬಿದಿರಿನ ಹೊರಸಿಪ್ಪೆಯ ಮೈ ಗುರಿಯ ಕಡೆಗಿರಬೇಕು, ಎಳೆತ ತಡೆಯುವ ನಾರು ಇರೋದು ಅಲ್ಲೇ. ಹೆದೆ ಏರಿಸಿದಾಗ ಎರಡೂ ತೋಳು ಒಂದೇ ಸಮ ಬಾಗಬೇಕು. ಉಗುರಿಗೆ ಸಿಗುವ ಸೀಳು ಒಂದಿದ್ದರೂ ಬೇಡ ಅನ್ನಿರಿ.

ಬಿದಿರ ಬಿಲ್ಲು ಅಂದರೆ ಹಗುರಾಗಿ ನೋಡಬ್ಯಾಡ್ರಿ. ನಮ್ಮ ದೇಶದ ಸ್ಪರ್ಧೆಗಳಲ್ಲಿ ಇಂಡಿಯನ್ ರೌಂಡ್ ಅಂತ ಒಂದು ವಿಭಾಗವೇ ಇದೆ, 30 ಮತ್ತು 50 ಮೀಟರ್ ದೂರಕ್ಕೆ ಬಿದಿರ ಬಿಲ್ಲಿನಲ್ಲೇ ಹೊಡೆಯಬೇಕು. ಮೂರು ಒಲಿಂಪಿಕ್ಸ್ ಆಡಿದ ರಾಜಸ್ಥಾನದ ಲಿಂಬಾರಾಮ್, ಜಾರ್ಖಂಡದ ದೀಪಿಕಾ ಕುಮಾರಿ ಇಬ್ಬರೂ ಬಿದಿರ ಬಿಲ್ಲು ಹಿಡಿದೇ ಶುರು ಮಾಡಿದವರು.

ಕೊನೆಗೆ ಮೂರು ಕಟ್ಟುನಿಟ್ಟು. ಬಾಣವಿಲ್ಲದೆ ಹೆದೆ ಎಳೆದು ಬಿಡಬಾರದು, ಬಿಲ್ಲು ಸೀಳಿ ಮುಖಕ್ಕೆ ಬರ್ತದ. ಆಕಾಶಕ್ಕೆ ಹೊಡೆಯಬಾರದು. ಆಟ ಮುಗಿದ ಮೇಲೆ ಹೆದೆ ಇಳಿಸಿ ಇಡಬೇಕು.

ಹೈದರಾಬಾದಿನಿಂದ 14 ಪೌಂಡಿನ ಬಿದಿರ ಬಿಲ್ಲು, ಮೊಂಡು ತುದಿಯ ಆರು ಬಾಣ, ಮುಂಗೈಗೆ ಚರ್ಮದ ಪಟ್ಟಿ ತರಿಸಿದೆ. ಹೆಗಲ ನೋವು ಪೂರ್ತಿ ಹೋದ ಮೇಲೆಯೇ ಕೈಗೆ ಕೊಟ್ಟೆ. ಬಾವಿಯ ಮಣ್ಣಿನ ದಿಬ್ಬಕ್ಕೆ ಹುಲ್ಲು ತುಂಬಿದ ಗೋಣಿಚೀಲ ಒರಗಿಸಿ, ಹತ್ತು ಹೆಜ್ಜೆ ದೂರದಿಂದ ಶುರು.

ಒಂದು ಸಂಜೆ ನಾನೂ ಹೊಲದಾಗಿದ್ದೆ. ಹೊತ್ತು ಮುಳುಗುವಾಗ ಬದುವಿನ ಆಚೆ ಏಳೆಂಟು ಚಿಗರಿ ಬಂದು ನಿಂತವು. ಮುಂದೆ ಕಪ್ಪು ಬೆನ್ನಿನ ಗಂಡು, ಹಿಂದೆ ಮರಿ ಕಟ್ಟಿಕೊಂಡ ಹೆಣ್ಣು. ಹುಡುಗನ ಬಿಲ್ಲಿನಾಗ ಬಾಣ ಇತ್ತು. ತಮ್ಮ ಮೆಲ್ಲಗೆ "ಹೊಡಿ" ಅಂದ. ಮೊಂಡು ಬಾಣ, ಸಾಯೋದಿಲ್ಲ ಅಂತ ಅವನಿಗೂ ಗೊತ್ತು, ನನಗೂ ಗೊತ್ತು. ಆದರೂ ನನ್ನ ಎದೆ ಡವಗುಟ್ಟಿತು.

ಹುಡುಗ ಅರ್ಧ ಎಳೆದ. ಹಂಗೇ ಮೆಲ್ಲಗೆ ವಾಪಸ್ ಬಿಟ್ಟು, ಬಾಣ ತೆಗೆದು, ಬಾಯಿಗೆ ಎರಡೂ ಕೈ ಹಚ್ಚಿ "ಹೋಯ್!" ಅಂತ ಕೂಗಿದ. ಹಿಂಡು ಹಾರಿ ಹೋಯಿತು.

"ಯಾಕೋ?" ಅಂದ ಅಪ್ಪ.

"ಅದು ನನ್ನ ಕಡಿ ನೋಡಲತ್ತಿತ್ತಪ್ಪಾ. ಗೋಣಿಚೀಲ ನೋಡಂಗಿಲ್ಲ."

ತಮ್ಮ ಏನೂ ಅನಲಿಲ್ಲ. ಮನೆಗೆ ನಡೆಯುವಾಗ ನನಗೆ ಕಲ್ಯಾಣದಿಂದ ಆಳಿದ ಮೂರನೇ ಸೋಮೇಶ್ವರನ ನೆನಪಾಯಿತು. 12ನೇ ಶತಮಾನದಾಗ ಅವನು ಬರೆದ ಮಾನಸೋಲ್ಲಾಸದಲ್ಲಿ ಅಡುಗೆ, ಸಂಗೀತದ ಜೊತೆ ಜಿಂಕೆ ಬೇಟೆಯೂ ರಾಜರ ವಿನೋದ. ಅದೇ ಊರಿನಲ್ಲಿ, ಅದೇ ಶತಮಾನದಾಗ ಶರಣರು ದಯೆಯ ಮಾತಾಡಿದರು. ಎರಡೂ ನಮ್ಮ ಮಣ್ಣಿನವೇ. ಯಾವುದನ್ನು ಎತ್ತಿಕೊಳ್ಳಬೇಕು ಅನ್ನೋದು ಮಾತ್ರ ನಮ್ಮ ಕೈಯಾಗಿನದು.

ಇದರಿಂದ ತೊಗರಿ ಉಳೀತು ಅಂತ ನಾನು ಹೇಳೋದಿಲ್ಲ. ಮರುದಿನವೂ ಎರಡು ಸಾಲು ಖಾಲಿಯಾಗಿದ್ದವು. ಅರ್ಜಿ ಹಾಕಿ ಬಂದೀವಿ, ಕಾಯಲತ್ತೀವಿ. ತಮ್ಮ ರಾತ್ರಿ ಹೊಲದ ಅಟ್ಟದ ಮೇಲೆ ಡಬ್ಬ ಬಡೀತಾ ಮಲಗ್ತಾನ. ಹುಡುಗ ಈಗ ಇಪ್ಪತ್ತು ಹೆಜ್ಜೆಯಿಂದ ಆರಕ್ಕೆ ನಾಲ್ಕು ಬಾಣ ಗೋಣಿಚೀಲಕ್ಕೆ ಹಾಕ್ತಾನ.

ಮೊನ್ನೆ ಹುಮನಾಬಾದಿಗೆ ಬಂದಾಗ ಅಟ್ಟದ ಕಡೆ ನೋಡಿ ಕೇಳಿದ, "ಅತ್ತೀ, ಆ ದೊಡ್ಡ ಬಿಲ್ಲು ನಂಗ್ಯಾವಾಗ?"

"ಹತ್ತು ಎಣಿಸೋತನ ಹಿಡಿಯೋ ತಾಕತ್ತು ಬಂದಾಗ" ಅಂದೆ. "ಅದೂ ಗೋಣಿಚೀಲಕ್ಕ."

ನಕ್ಕ.